ಸೆಗಾ ಮಾಸ್ಟರ್ ಸಿಸ್ಟಮ್ 3ಡಿ ಕನ್ನಡಕ: ಎಲ್ಇಡಿ ಟಿವಿಲಿ ಎಲ್ಲಾ ಎರಡೆರಡು ಕಾಣ್ತಿದೆ, ಏನ್ಮಾಡ್ಲಿ?

ಲೆಸ್ಟರ್_ಹುಡುಗ:
ಎಲ್ರಿಗೂ ನಮಸ್ಕಾರ. ಇಲ್ಲಿ ಇಂಗ್ಲೆಂಡಲ್ಲಿ ಭಾನುವಾರ ಮೈದಾನದಲ್ಲಿ ಜನ ಕಾರ್ ಡಿಕ್ಕಿ ತೆಗೆದಿಟ್ಟು ಹಳೇ ಸಾಮಾನು ಮಾರ್ತಾರಲ್ಲ, ಅಲ್ಲಿ ನಂಗೆ ಸೆಗಾ ಮಾಸ್ಟರ್ ಸಿಸ್ಟಮ್ ಅನ್ನೋ ಹಳೇ ಗೇಮ್ ಕನ್ಸೋಲ್ ಸಿಕ್ತು, ಮುಂದುಗಡೆ ಕಾರ್ಡ್ ಸ್ಲಾಟ್ ಇರೋ ಮೊದಲನೇ ಮಾಡೆಲ್ಲು, ಜೊತೆಗೆ ಸೆಗಾಸ್ಕೋಪ್ 3ಡಿ ಕನ್ನಡಕ, ಅದನ್ನ ಕಾರ್ಡ್ ಸ್ಲಾಟಿಗೆ ಜೋಡಿಸೋ ಅಡಾಪ್ಟರ್ ಕಾರ್ಡು, ಸ್ಪೇಸ್ ಹ್ಯಾರಿಯರ್ 3ಡಿ, ಝಾಕ್ಸನ್ 3ಡಿ ಗೇಮ್‌ಗಳು ಎಲ್ಲಾ ಇತ್ತು. ಮನೆ ಎಲ್ಇಡಿ ಟಿವಿಗೆ ಹಾಕಿದ್ರೆ ಗೇಮ್ ಓಡುತ್ತೆ ಆದ್ರೆ ಕನ್ನಡಕ ಹಾಕಿದ್ರೂ ಹಾಕದೇ ಇದ್ರೂ ಒಂದೇ, ಎಲ್ಲಾ ಎರಡೆರಡಾಗಿ ನಡುಗ್ತಾ ಇರುತ್ತೆ. ಬಲಗಡೆ ಗಾಜು ಸ್ವಲ್ಪ ಕಪ್ಪಾಗುತ್ತೆ, ಎಡಗಡೆದು ಏನೂ ಆಗ್ತಿಲ್ಲ ಅನ್ಸುತ್ತೆ. ಕನ್ನಡಕ ಹೋಗಿದ್ಯಾ ಅಥವಾ ಟಿವಿ ಸಮಸ್ಯೆನಾ? ಫ್ರೆಂಡ್ ಒಬ್ರು ದೊಡ್ಡ 100 ಹರ್ಟ್ಸ್ ಟ್ಯೂಬ್ ಟಿವಿ ಸುಮ್ನೆ ಕೊಡ್ತೀನಿ ಅಂತಿದಾರೆ, ತರಲಾ? ಇದನ್ನ ಸರಿ ಮಾಡ್ಲೇಬೇಕು ಅಂತ ತುಂಬಾ ಆಸೆ ಇದೆ.

ಕುಡ್ಲ_ಟ್ಯೂಬ್‌ಟಿವಿ:
ಮಾರಾಯ್ರೆ, ಕನ್ನಡಕದ ವಿಷಯ ಆಮೇಲೆ, ಮೊದ್ಲು ಆ ಎಲ್ಇಡಿ ಟಿವಿ ಬಿಡಿ. ಗೇಮು ಒಂದು ಸಲ ಎಡಗಣ್ಣಿನ ಚಿತ್ರ ಕಳಿಸ್ತದೆ, ಮರು ಸಲ ಬಲಗಣ್ಣಿಂದು, ಅದೇ ಲಯಕ್ಕೆ ಕನ್ನಡಕದ ಎಲ್‌ಸಿಡಿ ಗಾಜು ಬೇಡದ ಕಣ್ಣನ್ನು ಕಪ್ಪು ಮಾಡಿ ಮುಚ್ತದೆ. ನಿಮ್ಮಲ್ಲಿ ಟಿವಿ ಸಿಗ್ನಲ್ ಪಾಲ್ (PAL) ಪದ್ಧತಿದು ಅಲ್ವಾ, ಸೆಕೆಂಡಿಗೆ 50 ಚಿತ್ರ, ಒಂದೊಂದು ಕಣ್ಣಿಗೆ 25 ಸಿಗುದು. ಹಳೇ ಟ್ಯೂಬ್ ಟಿವಿ ಕನ್ಸೋಲು ಕಳಿಸಿದ್ದನ್ನು ಆ ಕ್ಷಣಕ್ಕೇ ಗೆರೆಗೆರೆಯಾಗಿ ಬರೀತದೆ, ಬರೆದದ್ದು ಕೂಡ್ಲೇ ಮಾಸ್ತದೆ. ಎಲ್ಇಡಿ ಟಿವಿ ಹಾಗಲ್ಲ, ಸಿಗ್ನಲನ್ನು ಒಳಗೆ ಇಟ್ಕೊಂಡು ದೊಡ್ಡದು ಮಾಡಿ, ಎಷ್ಟೋ ಸಲ ಎರಡು ಚಿತ್ರ ಸೇರಿಸಿ ಒಂದು ಮಾಡಿ ತಡವಾಗಿ ತೋರಿಸ್ತದೆ, ಅಷ್ಟೊತ್ತಿಗೆ ಕನ್ನಡಕ ಇನ್ನೊಂದು ಕಣ್ಣಿಗೆ ಹೋಗಿ ಆಗಿರ್ತದೆ.

100 ಹರ್ಟ್ಸಿಂದು ಸುಮ್ನೆ ಕೊಟ್ರೂ ತರ್ಬೇಡಿ! ಅದು ಟ್ಯೂಬೇ ಹೌದು, ಆದ್ರೆ ಒಳಗೆ ಡಿಜಿಟಲ್ ಸರ್ಕ್ಯೂಟ್ ಉಂಟು, ಚಿತ್ರ ಹಿಡಿದಿಟ್ಟು ಎರಡೆರಡು ಸಲ ತೋರಿಸ್ತದೆ, ತಾಳ ತಪ್ತದೆ. ಸಾದಾ 50 ಹರ್ಟ್ಸಿನ 14 ಇಂಚು ಟಿವಿ ಸಾಕು, ಎತ್ಲಿಕ್ಕೂ ಸುಲಭ. ಬಂದ ಮೇಲೆ ಕಾಂಟ್ರಾಸ್ಟ್ ಕಮ್ಮಿ ಮಾಡಿ, ಇಲ್ಲದಿದ್ರೆ ಬಿಳಿ ಬಣ್ಣ ಇದ್ದಲ್ಲೆಲ್ಲ ಇನ್ನೊಂದು ಕಣ್ಣಿನ ಚಿತ್ರದ ನೆರಳು ಕಾಣ್ತದೆ. ರೂಮಿನ ಲೈಟೂ ಆಫ್ ಮಾಡಿ, ಲೈಟ್ ಇದ್ರೆ ಇಡೀ ಕೋಣೆಯೇ ಮಿಣಮಿಣ ಹೇಳ್ತದೆ.

ಸೋಲ್ಡರ್_ಸತ್ಯ:
ಗುರು ಟಿವಿ ಬಗ್ಗೆ ಮೇಲೆ ಹೇಳಿದ್ದೆಲ್ಲಾ ಸರಿ, ಆದ್ರೆ ಒಂದು ಗಾಜು ಕಪ್ಪಾಗ್ತಿಲ್ಲ ಅನ್ನೋದು ಬೇರೆ ಪ್ರಾಬ್ಲಮ್ಮು. ಅದನ್ನ ಚೆಕ್ ಮಾಡೋಕೆ ಒಳ್ಳೇ ಟಿವಿ ಬೇಕಿಲ್ಲ, 3ಡಿ ಗೇಮ್ ಓಡ್ತಿರೋವಾಗ ಕನ್ನಡಕ ಹಾಕಿ ಕಿಟಕಿ ಕಡೆ ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಎರಡೂ ಕಡೆ ಬೆಳಕು ಪಟಪಟ ಅಂತ ಮಿನುಗ್ಬೇಕು. ಒಂದೇ ಕಡೆ ಆದ್ರೆ ವೈರ್ ಕಟ್ಟಾಗಿರೋದೇ ಜಾಸ್ತಿ. ಅದರ ಪಿನ್ನು ನಮ್ಮ ಇಯರ್‌ಫೋನ್ ಥರದ್ದೇ 3.5 ಎಂಎಂ ಸ್ಟೀರಿಯೋ, ಒಂದೊಂದು ಕಣ್ಣಿಗೆ ಒಂದೊಂದು ವೈರು, ಮಿಕ್ಕಿದ್ದು ಎರಡಕ್ಕೂ ಕಾಮನ್ನು. ಪಿನ್ ಕತ್ತಿನ ಹತ್ರ ನಿಧಾನಕ್ಕೆ ಬಗ್ಗಿಸಿ ನೋಡಿ, ಬಗ್ಗಿಸಿದಾಗ ಎಡಗಡೆ ಮಿನುಗಿದ್ರೆ ಅಲ್ಲೇ ಕತ್ತರಿಸಿ ಹೊಸ ಪಿನ್ ಬೆಸುಗೆ ಹಾಕಿದ್ರೆ ಆಯ್ತು. ಅಡಾಪ್ಟರ್ ಕಾರ್ಡಿನ ಕಾಂಟ್ಯಾಕ್ಟ್‌ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಜ್ಯಾಕ್ ಒಳಗೂ.

ಒಂದು ದಯವಿಟ್ಟು ನೆನಪಿಟ್ಕೊಳ್ಳಿ, ಗಾಜಿಗೆ ನೇರವಾಗಿ ಬ್ಯಾಟರಿ ಕೊಟ್ಟು ಟೆಸ್ಟ್ ಮಾಡ್ತಾ ಕೂರ್ಬೇಡಿ. ಎಲ್‌ಸಿಡಿಗೆ ಡಿಸಿ ಒಂದೇ ಸಮ ಕೊಟ್ರೆ ಹಾಳಾಗುತ್ತೆ, ಅದಕ್ಕೆ ದಿಕ್ಕು ಬದಲಾಗ್ತಾ ಇರೋ ವೋಲ್ಟೇಜೇ ಬೇಕು. ಗಾಜೇ ಹೋಗಿದ್ರೆ, 90ರ ದಶಕದ ಕೊನೇಲಿ ಕಂಪ್ಯೂಟರಿಗೆ ಬರ್ತಿದ್ವಲ್ಲ ವೈರ್ ಇರೋ ಶಟರ್ ಕನ್ನಡಕಗಳು, 3.5 ಎಂಎಂ ಪಿನ್ ಇರೋವು ಇದಕ್ಕೂ ನಡೆಯುತ್ತವೆ. ಆಮೇಲೆ 3ಡಿ ಟಿವಿ ಜೊತೆ ಬರ್ತಿದ್ದ ವೈರ್‌ಲೆಸ್ ಕನ್ನಡಕ ಆಗಲ್ಲ.

ಮೈಸೂರ್_ಫ್ಯಾಮಿಕಾಮ್:
ಸರ್ ಖಂಡಿತ ಬಿಡ್ಬೇಡಿ ಇದನ್ನ. 1987ರಲ್ಲಿ ಸೆಗಾ ಇದನ್ನ ತಂದ ಹೊತ್ತಿಗೇ ಜಪಾನಲ್ಲಿ ನಿಂಟೆಂಡೋ ಕೂಡ ತನ್ನ ಫ್ಯಾಮಿಕಾಮ್ ಕನ್ಸೋಲಿಗೆ ಫ್ಯಾಮಿಕಾಮ್ 3ಡಿ ಸಿಸ್ಟಮ್ ಅಂತ ಇದೇ ಥರದ ಶಟರ್ ಕನ್ನಡಕ ಬಿಟ್ಟಿತ್ತು, ಅದು ಜಪಾನ್ ಬಿಟ್ಟು ಹೊರಗೆ ಬರಲೇ ಇಲ್ಲ. ಅದಕ್ಕೂ ಮುಂಚೆ 1984ರಲ್ಲಿ ವೆಕ್ಟ್ರೆಕ್ಸ್ ಅನ್ನೋ, ಸ್ಕ್ರೀನೂ ಜೊತೆಗೇ ಇರೋ ಗೇಮ್ ಕನ್ಸೋಲಿಗೆ 3ಡಿ ಇಮೇಜರ್ ಅನ್ನೋ ಕನ್ನಡಕ ಬಂದಿತ್ತು, ಅದ್ರಲ್ಲಿ ಎಲ್‌ಸಿಡಿನೇ ಇಲ್ಲ, ಕಣ್ಣ ಮುಂದೆ ಮೋಟಾರಲ್ಲಿ ಒಂದು ಚಕ್ರ ಗಿರಗಿರ ತಿರುಗುತ್ತೆ, ಅರ್ಧ ಕಪ್ಪು, ಅರ್ಧಕ್ಕೆ ಕೆಂಪು ಹಸಿರು ನೀಲಿ ಪ್ಲಾಸ್ಟಿಕ್ಕು. ವೆಕ್ಟ್ರೆಕ್ಸ್ ಸ್ಕ್ರೀನಲ್ಲಿ ಬಣ್ಣನೇ ಇಲ್ಲ, ಆ ಚಕ್ರದಿಂದ 3ಡಿ ಜೊತೆ ಬಣ್ಣಾನೂ ಬರ್ತಿತ್ತು! ಎಂಥಾ ತಲೆ ಓಡಿಸಿದಾರೆ ನೋಡಿ.

ಗೇಮ್ ವಿಷಯಕ್ಕೆ ಬಂದ್ರೆ ನನ್ನ ಪ್ರಕಾರ ಮೇಜ್ ಹಂಟರ್ 3ಡಿ ಹುಡುಕಿ ತಗೊಳ್ಳಿ. ಮೇಲಿಂದ ನೋಡೋ ಗೇಮು, ಹೀರೋ ಜಿಗಿದ್ರೆ ಸೀದಾ ನಮ್ಮ ಮುಖದ ಕಡೆ ಎದ್ದು ಬರ್ತಾನೆ, ಆಳ ಅನ್ನೋದು ಆಟಕ್ಕೇ ಬೇಕಾಗಿದೆ ಅಲ್ಲಿ. ಮಿಸೈಲ್ ಡಿಫೆನ್ಸ್ 3ಡಿಗೆ ಕನ್ನಡಕ, ಸ್ಕ್ರೀನಿಗೆ ಗುರಿ ಇಡೋ ಲೈಟ್ ಗನ್ ಎರಡೂ ಬೇಕು, ಗನ್ನಿಗೂ ಟ್ಯೂಬ್ ಟಿವಿನೇ ಬೇಕು. ಮನೇಲಿ ಯಾರಿಗಾದ್ರೂ ಫಿಟ್ಸ್ ಇದ್ರೆ ಮಾತ್ರ ಈ ಕನ್ನಡಕ ಬೇಡವೇ ಬೇಡ, 25 ಸಲ ಮಿನುಗೋದು ಅಂದ್ರೆ ತುಂಬಾ ಜಾಸ್ತಿ.

ಲೆಸ್ಟರ್_ಹುಡುಗ:
ಎಲ್ರಿಗೂ ತುಂಬಾ ಥ್ಯಾಂಕ್ಸ್! ಕಿಟಕಿ ಟೆಸ್ಟ್ ಮಾಡ್ದೆ, ಪಿನ್ ಬಗ್ಗಿಸಿದಾಗ ಎಡಗಡೆ ಮಿನುಗ್ತು, ವೈರೇ. 100 ಹರ್ಟ್ಸ್ ಟಿವಿ ಬೇಡ ಅಂದ್ಬಿಟ್ಟೆ. ಇಲ್ಲೊಬ್ರು ಮಾಸ್ಟರ್ ಸಿಸ್ಟಮ್ 2 ಮಾರ್ತಿದಾರೆ, ಸ್ಪೇರ್ ಇರ್ಲಿ ಅಂತ ತಗೊಳ್ಲಾ?

ಸೋಲ್ಡರ್_ಸತ್ಯ:
ಕನ್ನಡಕಕ್ಕೋಸ್ಕರ ಆದ್ರೆ ಬೇಡ ಗುರು, ಅದ್ರಲ್ಲಿ ಕಾರ್ಡ್ ಸ್ಲಾಟ್ ತೆಗೆದುಹಾಕಿದಾರೆ, ಅಡಾಪ್ಟರ್ ಹಾಕೋಕೆ ಜಾಗನೇ ಇಲ್ಲ. ಸೆಗಾದ ಮುಂದಿನ ಕನ್ಸೋಲ್ ಮೆಗಾ ಡ್ರೈವ್ ಇದ್ರೆ, ಅದ್ರಲ್ಲಿ ಮಾಸ್ಟರ್ ಸಿಸ್ಟಮ್ ಗೇಮ್ ಓಡಿಸೋಕೆ ಬರ್ತಿದ್ದ ಪವರ್ ಬೇಸ್ ಕನ್ವರ್ಟರ್ ನೋಡಿ, ಅದ್ರಲ್ಲಿ ಕಾರ್ಡ್ ಸ್ಲಾಟ್ ಇದೆ, ಕನ್ನಡಕ ನಡೆಯುತ್ತೆ.