ಒಂದೇ ಸಭೆಯಾಗಲು ಕನ್ನಡ ಆರಾಧನೆಯನ್ನು ಬಿಡಬೇಕೇ?

ಪ್ರಶ್ನೆ: ಪರೇಲ್‌ನ ಸದಸ್ಯೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಮ್ಮದು ಮುಂಬಯಿಯ ಒಂದು ಪ್ರಾಟೆಸ್ಟಂಟ್ ಸಭೆ. ಒಂದೇ ಕಟ್ಟಡದಲ್ಲಿ ಭಾನುವಾರ ಬೆಳಿಗ್ಗೆ ಮರಾಠಿ ಆರಾಧನೆ, ಅದು ಮುಗಿದ ಮೇಲೆ ಇಂಗ್ಲಿಷ್, ಸಂಜೆ ಕನ್ನಡ. ಹುಬ್ಬಳ್ಳಿ, ಗದಗ-ಬೆಟಗೇರಿ, ಬೀದರ್ ಕಡೆಗಳಿಂದ ಗಿರಣಿಗಳಿಗೂ ರೈಲ್ವೆಗೂ ದುಡಿಯಲು ಬಂದವರ ಮಕ್ಕಳು, ಮೊಮ್ಮಕ್ಕಳು ನಾವು. ‘ಕ್ರಿಸ್ತನಲ್ಲಿ ಎಲ್ಲರೂ ಒಂದೇ ಆಗಿರುವಾಗ ಬೇರೆ ಬೇರೆ ಆರಾಧನೆ ಏಕೆ’ ಎಂದು ಕಮಿಟಿಯವರು ಈಗ ಕೇಳುತ್ತಿದ್ದಾರೆ. ಕನ್ನಡ ಆರಾಧನೆಯನ್ನು ನಿಲ್ಲಿಸಿ, ನಮ್ಮನ್ನು ಇಂಗ್ಲಿಷ್ ಮತ್ತು ಹಿಂದಿ ಬೆರೆತ ಆರಾಧನೆಗೆ ಸೇರಿಸುವ ಪ್ರಸ್ತಾವ ಮುಂದಿನ ಮಹಾಸಭೆಗೆ ಬರಲಿದೆ.

ನಮ್ಮ ಯೌವನಸ್ಥರಲ್ಲಿ ಹೆಚ್ಚಿನವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ನನ್ನ ಅತ್ತೆಯವರು ಮೊಮ್ಮಕ್ಕಳಿಗಾಗಿ ಕನ್ನಡ ಕೀರ್ತನೆಗಳನ್ನು ದೇವನಾಗರಿ ಅಕ್ಷರಗಳಲ್ಲಿ ನೋಟುಪುಸ್ತಕಕ್ಕೆ ಇಳಿಸಿ, ಎಳೆದು ಹಾಡಬೇಕಾದ ಅಕ್ಷರಗಳ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಹಾಕಿಕೊಟ್ಟಿದ್ದಾರೆ. ಮಕ್ಕಳು ಅದನ್ನು ನೋಡಿಕೊಂಡು ಚೆನ್ನಾಗಿಯೇ ಹಾಡುತ್ತಾರೆ. ಆದರೆ ಅತ್ತೆಯವರಿಗೆ ಇಂಗ್ಲಿಷ್ ಪ್ರಸಂಗ ಸ್ವಲ್ಪವೂ ತಿಳಿಯುವುದಿಲ್ಲ. ತನ್ನವರೆಲ್ಲರೂ ಒಂದಾಗಿರಬೇಕೆಂದು ಯೇಸು ಮಾಡಿದ ಪ್ರಾರ್ಥನೆ ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿದೆ. ನಾವು ಕನ್ನಡಕ್ಕಾಗಿ ಪಟ್ಟು ಹಿಡಿದರೆ ಆ ಪ್ರಾರ್ಥನೆಗೆ ಅಡ್ಡ ಬಂದಂತಾಗುತ್ತದೆಯೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಪುಣೆ, ಖಡಕಿಯಿಂದ

ಸಹೋದರಿಯವರಿಗೆ ವಂದನೆಗಳು. ನಿಮ್ಮ ಕಮಿಟಿಯವರ ಮಾತಿನಲ್ಲಿ ಐಕ್ಯದ ಬಗ್ಗೆ ಕಾಳಜಿ ಇರಬಹುದು, ಆದರೆ ದಾರಿ ಸರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಯೆರೂಸಲೇಮಿನ ಆ ಮೊದಲ ಸಭೆಯಲ್ಲೇ ಭಾಷೆಯ ತಕರಾರು ಎದ್ದಿತ್ತು: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಅವರ ಕಡೆಯವರು ಗೊಣಗಿದರು. ಆಗ ಅಪೊಸ್ತಲರು ‘ಎಲ್ಲರೂ ಇಬ್ರಿಯ ಕಲಿಯಿರಿ, ತಕರಾರು ತೀರುತ್ತದೆ’ ಎನ್ನಲಿಲ್ಲ. ಏಳು ಮಂದಿಯನ್ನು ಆರಿಸಿ ಹಂಚಿಕೆಯ ಹೊಣೆಯನ್ನು ಅವರ ಕೈಗೆ ಕೊಟ್ಟರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ಅಂತಿಯೋಕ್ಯದ ನಿಕೊಲಾಯ, ಈ ಏಳೂ ಗ್ರೀಕ್ ಹೆಸರುಗಳು. ಅನ್ಯಾಯವಾಗಿದೆ ಎಂದವರ ಕಡೆಯವರ ಕೈಗೇ ಉಗ್ರಾಣ ಬಂತು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ. ಹಾಗಾಗಿ ನಾನು ಮೊದಲು ಕೇಳುವುದು ಇದನ್ನು: ನಿಮ್ಮ ಕಮಿಟಿಯಲ್ಲಿ ಕನ್ನಡ ಆರಾಧನೆಗೆ ಬರುವವರು ಎಷ್ಟು ಮಂದಿ ಇದ್ದಾರೆ?

ನಮ್ಮ ದೇಶದ ಅನುಭವವೂ ಇದನ್ನೇ ಹೇಳುತ್ತದೆ. ಮೊದಲ ಭಾರತೀಯ ಆಂಗ್ಲಿಕನ್ (ಇಂಗ್ಲೆಂಡಿನ ಸಭೆಯ ಪರಂಪರೆಯ) ಬಿಷಪರಾದ ವಿ. ಎಸ್. ಅಜರಯ್ಯನವರು 1919ರ ತರಂಗಂಬಾಡಿ ಸಮ್ಮೇಳನದಿಂದ ಮೊದಲುಗೊಂಡು ಬೇರೆ ಬೇರೆ ಪ್ರಾಟೆಸ್ಟಂಟ್ ಸಭೆಗಳ ಐಕ್ಯಕ್ಕಾಗಿ ದುಡಿದು, ಅದನ್ನು ಕಣ್ಣಾರೆ ಕಾಣದೆ 1945ರಲ್ಲಿ ತೀರಿಕೊಂಡರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಬಿಷಪರಿದ್ದ ಸಭೆಯವರೂ ಬಿಷಪರೇ ಇಲ್ಲದ ಸಭೆಗಳವರೂ ಒಂದಾದರು. ಆಗ ಸೇವೆಯಲ್ಲಿದ್ದ ಬೋಧಕರಿಗೆ ಮತ್ತೆ ಅಭಿಷೇಕ ಮಾಡಿಸಿಕೊಳ್ಳಿರಿ ಎಂಬ ಷರತ್ತು ಹಾಕಲಿಲ್ಲ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ಏರ್ಪಟ್ಟಾಗ ಇನ್ನೂ ದೊಡ್ಡ ತೊಡಕಿತ್ತು. ಬ್ಯಾಪ್ಟಿಸ್ಟರು ದೊಡ್ಡವರಾಗಿ ನಂಬಿದವರಿಗಷ್ಟೇ ದೀಕ್ಷಾಸ್ನಾನ ಕೊಡುವವರು, ಆಂಗ್ಲಿಕನರು ಶಿಶುಗಳಿಗೂ ಕೊಡುವವರು. ಹೊಸ ಸಭೆ ಎರಡಕ್ಕೂ ಜಾಗ ಮಾಡಿತು. ದೀಕ್ಷಾಸ್ನಾನದಂಥ ವಿಷಯದಲ್ಲೇ ಎರಡು ರೂಢಿಗಳು ಒಂದೇ ಮನೆಯಲ್ಲಿ ಬಾಳಬಹುದಾದರೆ, ಸಂಜೆಯ ಒಂದು ಕನ್ನಡ ಆರಾಧನೆಯಿಂದ ಐಕ್ಯ ಕೆಡುತ್ತದೆ ಎನ್ನುವುದನ್ನು ನಾನು ಒಪ್ಪಲಾರೆ.

ಉತ್ತರ: ಬಾಂದ್ರಾದಿಂದ

ನಾನು ಮಂಗಳೂರು ಮೂಲದ ಕಥೋಲಿಕ. ಮನೆಯ ಮಾತು ಕೊಂಕಣಿ, ಓದಿದ್ದು ಕನ್ನಡ. ಮೇಲಿನ ಸಹೋದರರು ಹೇಳಿದ್ದಕ್ಕೆ ಮುಂಬಯಿಯದೇ ಒಂದು ಉದಾಹರಣೆ ಸೇರಿಸುತ್ತೇನೆ. ಇಲ್ಲಿನ ಕಥೋಲಿಕ ಸಭೆ 1794ರಿಂದ 1928ರವರೆಗೆ, ನಡುವೆ ಬಿಡುವುಗಳಿದ್ದರೂ, ಎರಡು ಅಧಿಕಾರಗಳ ನಡುವೆ ಹೋಳಾಗಿತ್ತು: ಒಂದು ಕಡೆ ಪೋರ್ಚುಗಲ್ ರಾಜನ ಹಕ್ಕಿಗೆ ಸೇರಿದ ಪಾದ್ರೋದೋ, ಇನ್ನೊಂದು ಕಡೆ ರೋಮಿನಿಂದ ನೇರವಾಗಿ ನೇಮಕವಾದ ಪ್ರೊಪಗಾಂಡಾ. 1853ರಲ್ಲಿ ಮಾಹಿಮ್‌ನ ಸಂತ ಮೈಕೆಲರ ದೇವಾಲಯವನ್ನು ಪಾದ್ರೋದೋ ಕಡೆಯವರಿಗೆ ಬಿಟ್ಟುಕೊಡಲು ಒಪ್ಪದೆ ಪ್ರೊಪಗಾಂಡಾ ಕಡೆಯ ಬಿಷಪ್ ಹಾರ್ಟ್‌ಮನ್ ತಮ್ಮ ಬೆಂಬಲಿಗರೊಂದಿಗೆ ಒಳಗೇ ಉಳಿದರು. ಹೊರಗೆ ಇನ್ನೊಂದು ಪಕ್ಷದವರು ಮುತ್ತಿಗೆ ಹಾಕಿದರು. 15ನೆಯ ದಿನ ಸರ್ಕಾರದವರು ಬಂದು ಬಾಗಿಲು ತೆರೆಸಬೇಕಾಯಿತು.

ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಒಳಗಿದ್ದವರೂ ಹೊರಗಿದ್ದವರೂ ಓದುತ್ತಿದ್ದದ್ದು ಅದೇ ಲ್ಯಾಟಿನ್ ಪೂಜೆಯನ್ನು. ಅದೇ ವಿಶ್ವಾಸ ಪ್ರಮಾಣ, ಅದೇ ಜಪಸರ, ಬಾಯಲ್ಲಿ ಅದೇ ಪೋಪರ ಹೆಸರು. ಭಾಷೆ ಮತ್ತು ವಿಧಿ ಎಲ್ಲವೂ ಒಂದೇ ಆಗಿದ್ದರೂ ಬೀಗದ ಕೈ ಯಾರ ಬಳಿ ಇರಬೇಕೆಂಬುದಕ್ಕೆ ಅವರು ಒಡೆದುಹೋದರು. ಅದಕ್ಕೆ ಪ್ರತಿಯಾಗಿ, ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಯಲ್ಲಿ ಜನರ ಭಾಷೆಗಳಿಗೆ ಅವಕಾಶ ಕೊಟ್ಟ ಮೇಲೆ ಇದೇ ಮಹಾಧರ್ಮಪ್ರಾಂತ್ಯದಲ್ಲಿ ಹಲವು ಭಾಷೆಗಳಲ್ಲಿ ಪೂಜೆ ನಡೆಯುತ್ತ ಬಂದಿದೆ, ಅದರಿಂದ ಸಭೆ ಒಡೆಯಲಿಲ್ಲ. ಸಿರಿಯನ್ ಪರಂಪರೆಯ ಪೂಜಾವಿಧಿ ಅನುಸರಿಸುವ ಕೇರಳದ ಸಿರೋ-ಮಲಬಾರ್ ಕಥೋಲಿಕರಿಗೆ 1988ರಲ್ಲಿ ಕಲ್ಯಾಣ್‌ನಲ್ಲಿ ಪ್ರತ್ಯೇಕ ಧರ್ಮಪ್ರಾಂತ್ಯವೇ ಸಿಕ್ಕಿತು. ಅವರೂ ನಾವೂ ಇಂದಿಗೂ ಒಂದೇ ಕಥೋಲಿಕ ಸಭೆಯವರು.

ಉತ್ತರ: ಡೊಂಬಿವಲಿಯಿಂದ

ಹಿರಿಯರಿಬ್ಬರ ಮಾತನ್ನು ಗೌರವದಿಂದ ಓದಿದೆ. ಆದರೂ ಒಂದು ವಿಷಯದಲ್ಲಿ ನನ್ನ ಮನಸ್ಸು ಒಪ್ಪುತ್ತಿಲ್ಲ. ‘ನಮ್ಮ ಭಾಷೆಯ ಆರಾಧನೆ’ ಎಂಬುದು ಅನೇಕ ವೇಳೆ ‘ನಮ್ಮ ಜನರ ಆರಾಧನೆ’ ಎಂದಾಗಿಬಿಡುತ್ತದೆ. ಕನ್ನಡದವರು ಎಂದು ಒಟ್ಟಿಗೆ ಕೂರುವ ನಮ್ಮಲ್ಲೇ ಬಾಸೆಲ್ ಮಿಶನ್ ಹಿನ್ನೆಲೆಯ ಧಾರವಾಡದವರು, ಮೆಥಡಿಸ್ಟ್ ಹಿನ್ನೆಲೆಯ ಬೀದರಿನವರು ಎಂಬ ಭೇದ ಪೂರ್ತಿಯಾಗಿ ಅಳಿದಿಲ್ಲ. ಮದುವೆಯ ಮಾತು ಬಂದಾಗ ‘ಮೂಲ ಯಾವುದು’ ಎಂದು ಮೆಲ್ಲಗೆ ವಿಚಾರಿಸುವವರನ್ನು ನಾವೆಲ್ಲರೂ ಬಲ್ಲೆವು. ತಮಿಳುನಾಡಿನ ಕೆಲವೆಡೆ ಕ್ರೈಸ್ತರ ಸ್ಮಶಾನಗಳೂ ಜಾತಿಯ ಪ್ರಕಾರ ಬೇರೆಯಾಗಿವೆ, ಅದೂ ಒಂದೇ ಭಾಷೆಯವರ ನಡುವೆ. ವೈವಿಧ್ಯ ಎಂಬ ಒಳ್ಳೆಯ ಮಾತಿನ ಹಿಂದೆ ಈ ಅನ್ಯಾಯವು ಅಡಗಿಕೊಳ್ಳಬಾರದು.

ಪೌಲನು ಪೇತ್ರನನ್ನು ಎಲ್ಲರ ಮುಂದೆ ಎದುರಿಸಿದ್ದು ಊಟದ ವಿಷಯಕ್ಕೆ. ಅಂತಿಯೋಕ್ಯದಲ್ಲಿ ಅನ್ಯಜನರ (ಯೆಹೂದ್ಯರಲ್ಲದವರ) ಸಂಗಡ ಕೂತು ಉಣ್ಣುತ್ತಿದ್ದ ಪೇತ್ರನು ಯೆರೂಸಲೇಮಿನ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ ಹಿಂದೆ ಸರಿದನು ಎಂದು ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿದೆ. ಭಾಷೆಗೊಂದು ಪ್ರಸಂಗ ಇರಲಿ, ಕೀರ್ತನೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ. ರೊಟ್ಟಿ, ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಪ್ರಭು ಭೋಜನ ಮಾತ್ರ ಭಾಷೆಗೊಂದು ಆಗಬಾರದು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಡೊಂಬಿವಲಿಯ ಸಹೋದರರ ಮಾತು ನನಗೆ ಬಹಳ ಚುಚ್ಚಿತು, ಏಕೆಂದರೆ ಅದು ನಿಜ. ಸುಗ್ಗಿ ಹಬ್ಬದ ಹರಾಜಿನಲ್ಲಿ ನಮ್ಮ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳನ್ನು ಮರಾಠಿಯವರು ಪೈಪೋಟಿಯಿಂದ ಕೊಳ್ಳುತ್ತಾರೆ. ಆದರೂ ವರ್ಷದಲ್ಲಿ ಒಮ್ಮೆಯೂ ನಾವು ಅವರೊಂದಿಗೆ ಒಂದೇ ಪಾತ್ರೆಯಿಂದ ಪ್ರಭು ಭೋಜನ ತೆಗೆದುಕೊಂಡಿಲ್ಲ. ಕಮಿಟಿಯಲ್ಲಿ ಕನ್ನಡದವರು ಒಬ್ಬರೇ ಇದ್ದಾರೆ. ಕನ್ನಡ ಆರಾಧನೆ ಮುಂದುವರಿಯಲಿ, ತಿಂಗಳ ಮೊದಲ ಭಾನುವಾರದ ಪ್ರಭು ಭೋಜನ ಎಲ್ಲರಿಗೂ ಒಟ್ಟಿಗೆ ಆಗಲಿ ಎಂದು ನಾವು ಕೆಲವರು ಸೇರಿ ಬರೆದುಕೊಡಲು ಯೋಚಿಸಿದ್ದೇವೆ.

ಉತ್ತರ: ಪುಣೆ, ಖಡಕಿಯಿಂದ

ಒಳ್ಳೆಯ ಯೋಚನೆ, ಮಹಾಸಭೆಗೆ ಮೊದಲೇ ಕೊಡಿ. ಆ ಅರ್ಜಿಗೆ ಮರಾಠಿ ಆರಾಧನೆಯ ಹಿರಿಯರಿಂದಲೂ ಸಹಿ ಹಾಕಿಸಲು ಪ್ರಯತ್ನಿಸಿ. ಇಂದು ನಿಮಗೆ ಬಂದ ಪ್ರಸ್ತಾವ ನಾಳೆ ಅವರಿಗೂ ಬರಬಹುದು. ಒಟ್ಟು ಭೋಜನದ ದಿನ ಸತ್ಯವೇದ ಪಾಠಗಳನ್ನು ಮೂರು ಭಾಷೆಗಳಲ್ಲಿ ಓದಿಸಿ, ಕನ್ನಡದ ಪಾಠವನ್ನು ಯೌವನಸ್ಥರಿಗೇ ವಹಿಸಿ. ಅಕ್ಷರ ಬಾರದವರಿಗೆ ದೇವನಾಗರಿಯ ಪ್ರತಿ ಸಾಕು. ವಿದ್ಯುತ್ ಬಿಲ್ಲಿಗೂ ಸಭಾಪಾಲಕರ ಸಂಬಳಕ್ಕೂ ಕನ್ನಡ ಆರಾಧನೆಯ ಕಾಣಿಕೆಯಿಂದ ಎಷ್ಟು ಹೋಗುತ್ತಿದೆ ಎಂಬ ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಿ, ಖರ್ಚಿನ ಪ್ರಶ್ನೆಯನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ.