ಬೆಟ್ಟ ಹತ್ತೋ ತಮ್ಮಂಗೆ, ಹಕ್ಕಿ ನೋಡೋ ಮಾವೋರಿಗೆ ಕಮ್ಮಿ ದುಡ್ಡಲ್ಲಿ ಏನ್ ಗಿಫ್ಟ್ ಕೊಡ್ಲಿ?

ದುರ್ಗದ ಮಗಳು, ದಾವಣಗೆರೆ ಸೊಸೆ

ಎಲ್ರಿಗೂ ನಮಸ್ಕಾರ. ನಾನಿರೋದು ದಾವಣಗೆರೆ, ತವರು ಚಿತ್ರದುರ್ಗ. ಮುಂದಿನ ತಿಂಗಳು ತಮ್ಮನ ಹುಟ್ಟಿದಬ್ಬ, ಅದಾಗಿ ಹತ್ತು ದಿನಕ್ಕೆ ನಮ್ ಮಾವೋರಿಗೆ ಅರವತ್ತೈದು ತುಂಬುತ್ತೆ. ಇಬ್ರಿಗೂ ಮನೇಲಿ ಕೂರೋ ಜಾಯಮಾನ ಇಲ್ಲ. ತಮ್ಮ ಭಾನುವಾರ ಬಂತಂದ್ರೆ ಕೋಟೆ, ಇಲ್ಲಾ ಚಂದ್ರವಳ್ಳಿ, ಇಲ್ಲಾ ಜೋಗಿಮಟ್ಟಿ, ಮಳೆ ಹಿಡೀತು ಅಂದ್ರೆ ಫ್ರೆಂಡ್ಸ್ ಕಟ್ಕೊಂಡು ಮಲೆನಾಡ ಕಡೆ. 2022ರಲ್ಲಿ ಮಾರಿಕಣಿವೆ ಡ್ಯಾಮ್ (ವಾಣಿವಿಲಾಸ ಸಾಗರ) ಕೋಡಿ ಬಿತ್ತಲ್ಲ, 1933 ಆದ್ಮೇಲೆ ಅವಾಗ್ಲೇ ಅಂತ ಎಲ್ಲಾ ಕಡೆ ಸುದ್ದಿ ಆಗಿತ್ತಲ್ಲ, ಅವತ್ತು ಆಫೀಸಿಗೆ ಜ್ವರ ಅಂತ ಹೇಳಿ ಹೋಗಿ ನೀರ್ ನೋಡ್ಕೊಂಡ್ ನಿಂತಿದ್ದ ಪುಣ್ಯಾತ್ಮ.

ಮಾವೋರು ಮೇಷ್ಟ್ರಾಗಿ ರಿಟೈರ್ ಆದೋರು. ಈಗ ಒಂದು ವರ್ಷದಿಂದ ಹಕ್ಕಿ ಹುಚ್ಚು. ವಾರಕ್ಕೆರಡು ದಿನ ಬೆಳಿಗ್ಗೆ ಗಾಡಿ ತಗೊಂಡು ಕೊಂಡಜ್ಜಿ ಕೆರೆಗೆ ಹೋಗ್ತಾರೆ, ಏರಿ ಮೇಲೆ ಕೂತು ನೋಟ್‌ಬುಕ್ಕಲ್ಲಿ ಬರ್ಕೊಂಡು ಬರ್ತಾರೆ.

ಹೋದ್ ವರ್ಷ ನಾನು ತಮ್ಮಂಗೆ ಆನ್‌ಲೈನಲ್ಲಿ ಒಂದು "17 ಇನ್ 1" ತರಿಸ್ದೆ, ಚಾಕು ಗರಗಸ ಸೀಟಿ ದಿಕ್ಸೂಚಿ ಬೆಂಕಿ ಹಚ್ಚೋ ಕಡ್ಡಿ ಎಲ್ಲಾ ಒಂದೇ ಡಬ್ಬೀಲಿ, "ಸೂಪರ್ ಅಕ್ಕ" ಅಂದ. ಮೊನ್ನೆ ತವರಿಗೆ ಹೋದಾಗ ನೋಡಿದ್ರೆ ಅದು ಅಡುಗೆಮನೆ ಡ್ರಾದಲ್ಲೈತೆ, ಅಮ್ಮ ಅದ್ರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸ್ತಾ ಇದ್ರು. ಈ ಸಲ ಹಂಗಾಗ್ಬಾರ್ದು. ತಮ್ಮಂಗೆ ಸಾವಿರ, ಮಾವೋರಿಗೆ ಒಂದೂವರೆ ಸಾವಿರ, ಅದಕ್ಕಿಂತ ಮೇಲೆ ಹೋಗಕ್ಕಾಗಲ್ಲ. ನಿಜವಾಗ್ಲೂ ಬಳಸೋ ಅಂಥದ್ದು ಹೇಳ್ರಿ.

---

ಕೋಟೆ ಹುಡ್ಗ

ಅಕ್ಕ, ಬೆಂಕಿ ಹಚ್ಚೋ ಕಡ್ಡಿ ಜೋಗಿಮಟ್ಟಿ ಕಾಡೊಳಗೆ ತಗೊಂಡೋದ್ರೆ ಗಾರ್ಡ್ ಹಿಡ್ಕೊಂಡು ಕೂರಿಸ್ತಾನೆ ಅಷ್ಟೆ 😄 ಆ ಡಬ್ಬಿ ಅಮ್ಮನ ಹತ್ರ ಇರೋದೇ ಸರಿ.

ಈ ಆನ್‌ಲೈನ್ ಲಿಸ್ಟ್‌ಗಳೆಲ್ಲಾ ಹಿಮದಲ್ಲಿ ನಡೆಯೋರಿಗೆ ಬರ್ದಿದ್ದು, ನಮ್ ದುರ್ಗದ ಸುತ್ತ ತೊಂದ್ರೆ ಕೊಡೋದು ಎರಡೇ, ಬಿಸಿಲು ಮತ್ತೆ ಮುಳ್ಳು. ಜಾಲಿಮುಳ್ಳು ಶೂ ಅಡಿಯಿಂದನೇ ತೂರ್ಕೊಂಡು ಬರುತ್ತೆ, ಅರ್ಧ ಒಳಗೆ ಮುರ್ಕೊಂಡ್ರೆ ಹತ್ತು ಹೆಜ್ಜೆ ಇಡಕ್ಕಾಗಲ್ಲ. ನಮ್ಮಜ್ಜನ ಉಡಿದಾರದಲ್ಲಿ ಒಂದು ರಿಂಗಿಗೆ ಚಿಮಟ, ಮುಳ್ಳು ಕೀಳೋ ಕಡ್ಡಿ, ಕಿವಿ ಗುಗ್ಗೆ ತೆಗೆಯೋದು ಮೂರೂ ನೇತಾಡ್ತಿತ್ತು. ಸಂತೇಲಿ ಈಗ್ಲೂ ಅಂಥದ್ದು ಸಿಗುತ್ತೆ, ಐವತ್ತು ರೂಪಾಯಿ ಒಳಗೆ. ನಾನು ಅದನ್ನ ಬ್ಯಾಗ್ ಜಿಪ್ಪಿಗೆ ಹಾಕ್ಕೊಂಡಿದೀನಿ, ನನ್ ಹತ್ರ ಇರೋ ಸಾಮಾನಲ್ಲಿ ಎಲ್ರೂ ಕೇಳಿ ಇಸ್ಕೊಳ್ಳೋದು ಅದೊಂದನ್ನೇ.

ಆಮೇಲೆ ಟವಲ್. ಮೈಕ್ರೋಫೈಬರ್ ಅಲ್ಲ, ನಿಮ್ ದಾವಣಗೆರೆ ಮಂಡಿಪೇಟೇಲಿ ಹೆಗಲ ಮೇಲೆ ಹಾಕ್ಕೊಳ್ಳೋ ತೆಳು ಕಾಟನ್ ಟವಲ್ ಸಿಗುತ್ತಲ್ಲ ಅದು, ಎರಡು ತಗೊಳ್ಳಿ. ಗೋಪಾಲಸ್ವಾಮಿ ಹೊಂಡ ದಾಟಿ ಮೇಲೆ ಹೋಗೋವಾಗ ಹತ್ತು ಗಂಟೆಗೇ ಬಂಡೆ ಕಾದು ಕೆಳಗಿನಿಂದ ಹಬೆ ಹೊಡೆದಂಗಾಗುತ್ತೆ, ಒದ್ದೆ ಮಾಡಿ ತಲೆ ಕುತ್ತಿಗೆ ಸುತ್ಕೊಂಡ್ರೆ ಯಾವ ಕ್ಯಾಪೂ ಬೇಡ, ಅರ್ಧ ಗಂಟೇಲಿ ಒಣಗುತ್ತೆ, ಕೈ ಉಳುಕಿದ್ರೆ ಕೊರಳಿಗೆ ಜೋಲಿ ಕಟ್ಟಬಹುದು.

ಉಳಿದ ದುಡ್ಡಲ್ಲಿ ತಲೆಗೆ ಕಟ್ಟೋ ಬ್ಯಾಟ್ರಿ, ಅದೇ ಹೆಡ್ ಟಾರ್ಚ್. ಮೊಬೈಲ್ ಟಾರ್ಚ್ ಹಿಡ್ಕೊಂಡ್ರೆ ಒಂದು ಕೈ ಹೋಯ್ತು, ಬಂಡೆ ಇಳಿಯೋವಾಗ ಎರಡೂ ಕೈ ಬೇಕು. ಟ್ರೆಕ್ಕಿಂಗ್ ಅಂಗಡೀನೇ ಹುಡುಕ್ಬೇಕು ಅಂತಿಲ್ಲ, ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟ್ರು ಹಾಕಕ್ಕೆ ಹೋಗೋ ರೈತರು ಇದನ್ನೇ ಕಟ್ಕೊಂಡು ಹೋಗೋದು, ಪಂಪ್‌ಸೆಟ್ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ನಾನು ತಗೊಂಡಿದ್ದು ನಾನೂರೈವತ್ತಕ್ಕೆ. ಮೂರು ವಿಷ್ಯ ನೋಡಿ: ಮಳೆ ಹನಿ ತಡೀಬೇಕು, ಬೆಳಕು ಕಮ್ಮಿ ಮಾಡೋ ಬಟನ್ ಇರ್ಬೇಕು, ಚಾರ್ಜರ್ ಪಿನ್ ಅವನ ಮೊಬೈಲಿಂದೇ ಇರ್ಬೇಕು. ಬಾಕ್ಸ್ ಮೇಲೆ ಎಷ್ಟು ಲಕ್ಷ ಲೂಮೆನ್ಸ್ ಅಂತ ಬರ್ದಿದ್ರೂ ನಂಬಬೇಡಿ.

---

ಸುಮ್ನೆ ನೋಡೋಣ ಅಂತ ಬಂದೆ

ಒಂದು ವಿರೋಧ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ ಮೇಡಂ. ಟ್ರೆಕ್ಕಿಂಗ್ ಹುಚ್ಚಿರೋರಿಗೆ ಬ್ಯಾಗು, ಶೂ, ಟೆಂಟು, ಜಾಕೆಟ್ ಅಂತೂ ಕೊಡ್ಲೇಬೇಡಿ. ನನ್ ಹೆಂಡ್ತಿ ಪಾಪ ಆಸೆ ಪಟ್ಟು ಒಂದು ಬ್ಯಾಗ್ ಕೊಡಿಸಿದ್ಲು, ಸೊಂಟದ ಪಟ್ಟಿ ನನ್ನ ಹೊಟ್ಟೆ ಮೇಲೆ ಬಂದು ಕೂರೋದು, ಬೇಡ ಅಂತ ಹೇಳಕ್ಕೂ ಆಗ್ದೆ ಎರಡು ವರ್ಷ ಹೊತ್ತೆ.

ಕೊಡೋದಾದ್ರೆ ಖರ್ಚಾಗಿ ಹೋಗೋ ಸಾಮಾನು ಕೊಡಿ. ಅದನ್ನ ಅವ್ನು ಯಾವತ್ತೂ ತಾನೇ ತಗೊಳ್ಳಲ್ಲ, ಹೊರಡೋ ದಿನ ರಾತ್ರಿ ಹನ್ನೊಂದಕ್ಕೆ ನೆನಪಾಗುತ್ತೆ. ಒಂದು ಸ್ಟೀಲ್ ಡಬ್ಬಿ ತಗೊಂಡು ಅದ್ರೊಳಗೆ ನಾಲ್ಕು ಓಆರ್‌ಎಸ್ ಪುಡಿ (ಪ್ಯಾಕೆಟ್ ಮೇಲೆ ಡಬ್ಲ್ಯುಎಚ್‌ಓ ಫಾರ್ಮುಲಾ ಅಂತ ಇರೋದು, ಬಣ್ಣದ ಜ್ಯೂಸ್ ಅಲ್ಲ. ಒಂದು ಲೀಟರಿನ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರೇ ಹಾಕ್ಬೇಕು, ಅರ್ಧ ಬಾಟ್ಲಿಗೆ ಸುರ್ಕೊಂಡು ಕುಡಿಯೋರನ್ನ ನೋಡಿದೀನಿ), ಒಂದು ಕ್ರೇಪ್ ಬ್ಯಾಂಡೇಜ್, ಗಾಯಕ್ಕೆ ಹಚ್ಚೋ ಮುಲಾಮು, ಅಂಟುಪಟ್ಟಿ, ದಪ್ಪ ಸೂಜಿ ದಾರ. ಸೂಜಿ ದಾರ ಯಾಕಂದ್ರೆ ಶೂ ಸೋಲ್ ಬಿಟ್ಕೊಳ್ಳೋದು ಯಾವಾಗ್ಲೂ ಬೆಟ್ಟದ ತುದೀಲೇ. ಎರಡು ಜೊತೆ ಒಳ್ಳೆ ಸಾಕ್ಸ್. ಇಷ್ಟಕ್ಕೆ ಏಳ್ನೂರು ಎಂಟ್ನೂರು ಆಗ್ಬಹುದು.

ಮಳೇಲಿ ಮಲೆನಾಡಿಗೆ ಹೋಗ್ತಾನೆ ಅಂದ್ರಲ್ಲ, ಇಂಬಳದ (ಅದೇ ರಕ್ತ ಹೀರೋ ಜಿಗಣೆ) ಸಾಕ್ಸ್ ಇದೆಯಾ ಕೇಳಿ. ಒತ್ತಾಗಿ ನೇಯ್ದ ಬಟ್ಟೆ ಚೀಲ ಅದು, ಮಾಮೂಲಿ ಸಾಕ್ಸ್ ಮೇಲೆ ಹಾಕ್ಕೊಂಡು ಮೊಣಕಾಲ ಕೆಳಗೆ ಕಟ್ಟೋದು. ಉಣ್ಣೆ ಸಾಕ್ಸ್ ಸಂದೀಲೂ ಇಂಬಳ ನುಗ್ಗುತ್ತೆ, ಇದ್ರಲ್ಲಿ ಆಗಲ್ಲ. ಉಪ್ಪು, ನಶ್ಯ, ಸುಣ್ಣ ಎಲ್ಲಾ ಮಳೆಗೆ ತೊಳೆದು ಹೋಗುತ್ತೆ.

---

ಚಳ್ಳಕೆರೆ ಶೇಂಗಾ

ಯಾರೂ ಕಂಬಳಿ ಅನ್ಲೇ ಇಲ್ವಲ್ರಪ್ಪ! ನಮ್ಮೂರ ಕಂಬಳಿ ಕೊಡ್ರಿ ತಂಗಿ. ಕುರಿ ಕಾಯೋರು ಮಳೆ ಬಂದಾಗ ಅದನ್ನೇ ಕೊಪ್ಪೆ ಮಾಡ್ಕೊಂಡು ತಲೆ ಮೇಲೆ ಹಾಕ್ಕೊಂಡು ನಿಲ್ತಾರೆ, ಸಣ್ಣ ಮಳೆಗೆ ಒಳಗೆ ಹನಿ ಇಳಿಯಲ್ಲ, ಒದ್ದೆ ಆದ್ರೂ ಬೆಚ್ಚಗಿರುತ್ತೆ, ರಾತ್ರಿ ಅದೇ ಹಾಸಿಗೆ ಅದೇ ಹೊದಿಕೆ. ಟೆಂಟು ಸ್ಲೀಪಿಂಗ್ ಬ್ಯಾಗು ಎಲ್ಲಾ ನಿನ್ನೆ ಮೊನ್ನೆ ಬಂದಿದ್ದು.

---

ಕೋಟೆ ಹುಡ್ಗ

ಅಣ್ಣ, ಕುರಿ ಕಾಯೋರು ಕುಮಾರಪರ್ವತ ಹತ್ತಲ್ಲ 😂 ಒದ್ದೆ ಕಂಬಳಿ ಹೊತ್ಕೊಂಡು ಒಂದ್ಸಲ ಹತ್ತಿ ತೋರಿಸಿ, ಇಳಿಯೋವಾಗ ನಿಮ್ಮನ್ನೇ ಅದ್ರಲ್ಲಿ ಹಾಕ್ಕೊಂಡು ಬರ್ಬೇಕಾಗುತ್ತೆ.

---

ಚಳ್ಳಕೆರೆ ಶೇಂಗಾ

ತೂಕ ಐತೆ, ಒಪ್ಕೊಂಡೆ. ಕೈಮಗ್ಗದ ದೊಡ್ಡ ಕಂಬಳಿ ನಿಮ್ ಬಜೆಟ್ಟೂ ದಾಟುತ್ತೆ. ಆದ್ರೆ ಕೂರಕ್ಕೆ ಹಾಕ್ಕೊಳ್ಳೋ ಸಣ್ಣ ಆಸನ ಬರುತ್ತಲ್ಲ ತಂಗಿ, ಅದು ನಿಮ್ ಮಾವೋರಿಗೆ. ಬೆಳಗಿನ ಜಾವ ಕೆರೆ ಏರಿ ಕಲ್ಲು ಮಂಜುಗಡ್ಡೆ ಇದ್ದಂಗಿರುತ್ತೆ, ಅರವತ್ತೈದು ವರ್ಷದ ಸೊಂಟ. ಸುತ್ತಿ ಗಾಡಿ ಡಿಕ್ಕೀಲಿ ಇಟ್ಕೊಬಹುದು. ಹೊಸದ್ರಲ್ಲಿ ಬಿರುಸಾಗಿರುತ್ತೆ, ಹುಣಸೆಬೀಜದ ಗಂಜಿ ಹಚ್ಚೋದು ಅದಕ್ಕೆ, ಬಳಸ್ತಾ ಬಳಸ್ತಾ ಮೆತ್ತಗಾಗುತ್ತೆ. ತಮ್ಮಂಗೆ ಶೇಂಗಾ ಉಂಡೆ ಮಾಡಿ ಕೊಡ್ರಿ, ಬೆಲ್ಲ ಶೇಂಗಾ ಎರಡೇ, ಹದಿನೈದು ದಿನ ಕೆಡಲ್ಲ, ಇನ್ನೂರು ರೂಪಾಯಿ ಚಾಕಲೇಟ್ ಬಾರ್ ಅಂತ ತಿಂತಾರಲ್ಲ ಅದ್ರಪ್ಪನಂಗಿರುತ್ತೆ.

---

ನೀರುಕಾಗೆ

ಮಾವೋರ ವಿಷ್ಯಕ್ಕೆ ನಾನ್ ಹೇಳ್ತೀನಿ, ಕೊಂಡಜ್ಜಿ ಕೆರೆ, ಸೂಳೆಕೆರೆ ಎರಡೂ ಕಡೆ ಅಲೆದಿರೋನು.

ಒಂದೂವರೆ ಸಾವಿರ ಅಂದ್ ತಕ್ಷಣ ನಿಮಗೆ ಬೈನಾಕ್ಯುಲರ್ ಹೊಳ್ದಿರುತ್ತೆ. ದಯವಿಟ್ಟು ಬೇಡ. ಆ ದುಡ್ಡಿಗೆ ಸಿಗೋದ್ರ ಮೇಲೆ 30x60, ನೈಟ್ ವಿಷನ್, ಏನೇನೋ ಬರ್ದಿರುತ್ತೆ. ನಿಜವಾದ ಲೆಕ್ಕ ಏನಂದ್ರೆ, 8x42 ಅಂದ್ರೆ ಎಂಟು ಪಟ್ಟು ಹತ್ರ ಕಾಣುತ್ತೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಆ 30x60 ಇರೋದ್ರ ಮುಂದಿನ ಗಾಜು ಅಳತೆ ಮಾಡಿ ನೋಡಿ, ಒಂದು ರೂಪಾಯಿ ನಾಣ್ಯದಷ್ಟಿರುತ್ತೆ, 60 ಎಲ್ಲಿಂದ ಬಂತು? ಬೆಳಗಿನ ಮಬ್ಬಲ್ಲಿ ಎಲ್ಲಾ ಕಪ್ಪು ಚುಕ್ಕಿ. ಇನ್ನು ನಿಜವಾಗ್ಲೂ ಮೂವತ್ತು ಪಟ್ಟು ಇದ್ರೆ ಕೈ ನಡುಕಕ್ಕೆ ಹಕ್ಕಿ ಡ್ಯಾನ್ಸ್ ಮಾಡುತ್ತೆ, ಕೈಯಲ್ಲಿ ಹಿಡ್ಕೊಂಡು ನೋಡಕ್ಕೆ ಎಂಟು, ಹೆಚ್ಚಂದ್ರೆ ಹತ್ತು. ನಾನು ಒಂದು ಜಾತ್ರೇಲಿ ಅಂಥದ್ದು ತಗೊಂಡು ಒಂದು ತಿಂಗಳು ತಲೆನೋವು ಅನುಭವಿಸಿದೀನಿ, ಎರಡು ಕಣ್ಣಿನ ಗಾಜು ಒಂದೇ ಕಡೆ ನೋಡ್ತಾನೇ ಇರ್ಲಿಲ್ಲ ಅದ್ರಲ್ಲಿ.

ಒಳ್ಳೇದು ನಾನ್ ನೋಡಿದಂಗೆ ಐದಾರು ಸಾವಿರದಿಂದ ಶುರು. ನಿಮ್ ಯಜಮಾನ್ರು, ನಾದಿನಿ, ಭಾವ ಯಾರಿದಾರೋ ಎಲ್ರೂ ಸೇರಿ ಹಾಕಿದ್ರೆ ಆಗುತ್ತೆ. ಮಾವೋರು ಕನ್ನಡಕ ಹಾಕ್ತಾರಾ? ಹಾಕ್ತಾರೆ ಅಂದ್ರೆ ಕಣ್ಣಿಗೆ ಒತ್ತೋ ರಬ್ಬರ್ ಬಟ್ಟಲು ತಿರುಗಿಸಿ ಕೆಳಗೆ ಇಳಿಸೋ ಅಂಥದ್ದಿರ್ಬೇಕು, ಇಲ್ಲಾಂದ್ರೆ ಕನ್ನಡಕ ಅಡ್ಡ ಬಂದು ನಡುವೆ ಸಣ್ಣ ತೂತಷ್ಟೇ ಕಾಣುತ್ತೆ. ಕೊಟ್ಟಾಗ ಮೊದಲ್ನೇ ದಿನಾನೇ ಹೇಳಿ, ಸೂರ್ಯನ ಕಡೆ ಮಾತ್ರ ಅದನ್ನ ತಿರುಗಿಸಬಾರ್ದು, ಕಣ್ಣು ಹೋಗುತ್ತೆ.

ಅಲ್ಲೀವರೆಗೂ ಏನ್ ಮಾಡೋದು? ಅವ್ರ ಫೋನಿಗೆ ಮರ್ಲಿನ್ ಅನ್ನೋ ಆ್ಯಪ್ ಹಾಕ್ಕೊಡಿ, ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯೋರ್ದು, ಫ್ರೀ. ಭಾರತದ ಪ್ಯಾಕ್ ಮನೆ ವೈಫೈನಲ್ಲೇ ಡೌನ್‌ಲೋಡ್ ಮಾಡಿಡಿ, ಕೆರೆ ಹತ್ರ ನೆಟ್‌ವರ್ಕ್ ನೆಚ್ಕೊಳ್ಳೋದು ಬೇಡ. ಹಕ್ಕಿ ಕೂಗ್ತಿರೋವಾಗ ಫೋನ್ ಹಿಡಿದ್ರೆ ಇದೇ ಇರ್ಬಹುದು ಅಂತ ಹೆಸರು ತೋರಿಸುತ್ತೆ, ಒಂದೊಂದ್ಸಲ ತಪ್ಪೂ ಹೇಳುತ್ತೆ, ಮೇಷ್ಟ್ರಲ್ವಾ, ತಪ್ಪು ಹಿಡಿಯೋದೇ ಖುಷಿ ಇರುತ್ತೆ ಅವ್ರಿಗೆ. ಜೊತೆಗೆ ದಪ್ಪ ರಟ್ಟಿನ ಸಣ್ಣ ನೋಟ್‌ಬುಕ್ಕು, ಪೆನ್ಸಿಲ್ (ಮಂಜಲ್ಲಿ ಪೆನ್ನಿನ ಇಂಕು ಹರಡುತ್ತೆ), ಚಳ್ಳಕೆರೆಯೋರು ಹೇಳಿದ ಆಸನ. ಇನ್ನೂ ದುಡ್ಡು ಮಿಗುತ್ತೆ, ಅದ್ರಲ್ಲಿ ಒಂದ್ ದಿನ ಕಾರ್ ಮಾಡ್ಕೊಂಡು ಜಗಳೂರು ಕಡೆ ರಂಗಯ್ಯನದುರ್ಗಕ್ಕೆ ಕರ್ಕೊಂಡು ಹೋಗಿ. ಕೊಂಡುಕುರಿ (ಕುರಿ ಅಲ್ಲ, ಜಿಂಕೆ ಥರದ ಕಾಡುಪ್ರಾಣಿ) ಅಂತಾನೇ ಮಾಡಿರೋ ಅಭಯಾರಣ್ಯ ಅದು, ಗಂಡಿಗೆ ನಾಲ್ಕು ಕೊಂಬು. ಹೋಗೋ ಮುಂಚೆ ಅರಣ್ಯ ಇಲಾಖೆಯೋರನ್ನ ಕೇಳ್ಕೊಂಡು ಹೋಗಿ, ಕೊಂಡುಕುರಿ ಕಂಡ್ರೆ ಅದೃಷ್ಟ, ಕಾಣ್ದಿದ್ರೂ ಆ ಕುರುಚಲು ಕಾಡಲ್ಲಿ ಕೆರೆ ಹತ್ರ ಕಾಣದೇ ಇರೋ ಹಕ್ಕಿಗಳೂ ಸಿಗ್ತಾವೆ.

---

ದುರ್ಗದ ಮಗಳು, ದಾವಣಗೆರೆ ಸೊಸೆ

ಅಯ್ಯೋ ಇಷ್ಟೊಂದು ಬರೀತೀರಿ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್ ರೀ.

ನೀರುಕಾಗೆಯೋರೇ, ನಿಜ ಹೇಳ್ಬೇಕಂದ್ರೆ ಆ 30x60ನ ಕಾರ್ಟಿಗೆ ಹಾಕಿ ಆಗಿತ್ತು, ನಿಮ್ ಮೆಸೇಜ್ ಓದಿ ತೆಗ್ದೆ. ಮರ್ಲಿನ್ ಹುಟ್ಟಿದಬ್ಬದವರೆಗೂ ಕಾಯದೇನೇ ನಿನ್ನೇನೇ ಹಾಕ್ಕೊಟ್ಟೆ. ಸಂಜೆಯಿಂದ ಟೆರೇಸಿನಿಂದ ಇಳಿದಿಲ್ಲ ಮಾವೋರು, ಅತ್ತೆ ಬೆಣ್ಣೆದೋಸೆ ತರಿಸಿ ಕರೆದ್ರೂ "ಸುಮ್ನಿರೇ, ರೆಕಾರ್ಡ್ ಆಗ್ತೈತೆ" ಅಂದ್ರಂತೆ. ಅತ್ತೆ ನನ್ನ ಮೇಲೆ ಸಿಟ್ಟಾಗಿದಾರೆ. ಆಸನ ಪಕ್ಕಾ. ಬೈನಾಕ್ಯುಲರಿಗೆ ನಮ್ಮೋರು ಮತ್ತೆ ನಾದಿನಿ ತಲಾ ಎರಡು ಸಾವಿರ ಹಾಕ್ತೀವಿ ಅಂದಿದಾರೆ, ದೀಪಾವಳಿಗೆ ನೋಡೋಣ. ಕನ್ನಡಕ ಹಾಕ್ತಾರೆ, ಅದನ್ನ ನೆನಪಿಟ್ಕೊಂಡಿದೀನಿ.

ತಮ್ಮಂಗೆ ಮಂಡಿಪೇಟೇಲಿ ಟವಲ್ ಎರಡು ತಗೊಂಡೆ, ಡಬ್ಬಿ ನಮ್ಮನೇದೇ ಒಂದು ಹಳೇ ಸ್ಟೀಲಿಂದು ಇತ್ತು. ಚಿಮಟ ಮಾತ್ರ ಎರಡು ಅಂಗಡೀಲಿ ಕೇಳಿದ್ರೂ ಬ್ಯೂಟಿ ಪಾರ್ಲರ್ದು ತೋರಿಸ್ತಾರೆ, ಅದು ಆಗುತ್ತಾ ಇಲ್ಲ ಸಂತೇದೇ ಬೇಕಾ? ಇನ್ನೊಂದು, ಇಂಬಳದ ಸಾಕ್ಸ್ ಶೂ ನಂಬರ್ ಮೇಲೆ ಬರುತ್ತಾ? ಅವನದು 9.

---

ಕೋಟೆ ಹುಡ್ಗ

ಪಾರ್ಲರ್ದು ತುದಿ ಅಗಲ ಇರುತ್ತೆ ಅಕ್ಕ, ಮುಳ್ಳು ಜಾರುತ್ತೆ. ಚೂಪು ತುದೀದೇ ಬೇಕು. ವಾಚ್ ರಿಪೇರಿ ಮಾಡೋರ ಹತ್ರ ಕೇಳಿ ನೋಡಿ, ಎಲ್ಲಿ ತಗೋತಾರೆ ಅಂತ ಹೇಳ್ತಾರೆ. ಇಲ್ಲಾಂದ್ರೆ ಮುಂದಿನ ಸಂತೇಲಿ ನಾನೇ ಒಂದು ತಗೊಂಡಿಡ್ತೀನಿ, ದುರ್ಗಕ್ಕೆ ಬಂದಾಗ ಇಸ್ಕೊಳ್ಳಿ.

---

ಸುಮ್ನೆ ನೋಡೋಣ ಅಂತ ಬಂದೆ

ಫ್ರೀ ಸೈಜ್ ಬರೋದೇ ಜಾಸ್ತಿ, 9ಕ್ಕೆ ಆಗುತ್ತೆ. ಮೇಲ್ಗಡೆ ಎಲಾಸ್ಟಿಕ್ ಅಷ್ಟೇ ಇರೋದು ತಗೋಬೇಡಿ, ನಡೀತಾ ನಡೀತಾ ಜಾರಿ ಕಣಕಾಲಿಗೆ ಬಂದ್ ಕೂರುತ್ತೆ. ದಾರ ಎಳೆದು ಕಟ್ಟೋದೇ ನೋಡಿ ತಗೊಳ್ಳಿ. ಬಿಳಿ ಬಣ್ಣದ್ದು ಸಿಕ್ರೆ ಇನ್ನೂ ಒಳ್ಳೇದು, ಇಂಬಳ ಹತ್ತೋದು ದೂರದಿಂದಲೇ ಕಾಣುತ್ತೆ.