ಆಫೀಸ್‌ಗೆ ಹೋದ್ಮೇಲೆ ನಾಯಿ ಬೊಗಳ್ತಾನೇ ಇರುತ್ತಂತೆ, ಬಾಗ್ಲು ಪೂರ್ತಿ ಕೆರೆದಿದೆ, ಏನ್ ಮಾಡೋದು?

ಹೂಡಿ_ಹುಡ್ಗ:
ಎಲ್ರಿಗೂ ನಮಸ್ಕಾರ. ನಮ್ದು ಬೆಂಗ್ಳೂರು ಹೂಡಿ ಹತ್ರ ಅಪಾರ್ಟ್‌ಮೆಂಟು, ನಾಲ್ಕನೇ ಫ್ಲೋರು. ಎರಡೂವರೆ ವರ್ಷದ ಇಂಡಿ (ನಮ್ಮ ನಾಟಿ ತಳಿ) ಹೆಣ್ಣು ನಾಯಿ, ಹೆಸ್ರು ಕಾಫಿ, ಮರಿ ಆಗದಂಗೆ ಆಪರೇಷನ್ ಆಗಿದೆ, ಲಸಿಕೆ ಎಲ್ಲಾ ಕರೆಕ್ಟಾಗಿ ಹಾಕ್ಸಿದೀನಿ. ಇಷ್ಟ್ ದಿನ ವರ್ಕ್ ಫ್ರಮ್ ಹೋಮ್ ಇತ್ತು ಹಂಗಾಗಿ ಅವ್ಳು ಒಬ್ಳೇ ಇರೋ ಪ್ರಸಂಗನೇ ಬಂದಿರ್ಲಿಲ್ಲ, ಈಗ ಆಫೀಸಿಗೆ ಬರ್ಲೇಬೇಕು ಅಂತ ಕೂತಿದಾರೆ, ಎಂಟೂವರೆಗೆ ಬಿಟ್ರೆ ವಾಪಸ್ ಬರೋಷ್ಟ್ರಲ್ಲಿ ಏಳು, ಔಟರ್ ರಿಂಗ್ ರೋಡ್ ಟ್ರಾಫಿಕ್ ಕಥೆ ನಿಮ್ಗೇ ಗೊತ್ತಲ್ಲ.

ಸಮಸ್ಯೆ ಏನಂದ್ರೆ ಮೇನ್ ಡೋರ್ ಚೌಕಟ್ಟನ್ನ ಹಿಡಿ ಇರೋ ಕಡೆ ಕೆರೆದು ಕೆರೆದು ಪಾಲಿಶ್ ಹೋಗಿ ಮರ ಕಾಣ್ತಿದೆ, ಬಾಗ್ಲು ಕೆಳಗೆ ಜೊಲ್ಲಿನ ಮಡು, ಎಲ್ಲೂ ಗಲೀಜು ಮಾಡದೇ ಇದ್ದೋಳು ಈಗ ಹಾಲಲ್ಲೇ ಉಚ್ಚೆ. ಪಕ್ಕದ್ಮನೆಯವ್ರು ವಾಟ್ಸಾಪ್ ಗ್ರೂಪಲ್ಲಿ ಆಡಿಯೋ ಹಾಕಿದಾರೆ. ಒಬ್ರು ಬಾಲ್ಕನಿಲಿ ಕಟ್ಟಿ ಹಾಕಿ ಅಂತಾರೆ, ಸೆಕ್ರೆಟರಿ ಫೈನ್ ಹಾಕ್ತೀವಿ ನಾಯಿ ಕಳ್ಸಿ ಅಂತಾರೆ. ಬೆಳಿಗ್ಗೆ ಒಂದ್ ಗಂಟೆ ವಾಕಿಂಗ್, ಟಿವಿ ಆನ್, ಅಗಿಯೋ ಬೊಂಬೆ ಎಲ್ಲಾ ಟ್ರೈ ಮಾಡಾಯ್ತು. ಹೇಳಿ ಪ್ಲೀಸ್.

ಕೃಷ್ಣಾತೀರ:
ಬಾಲ್ಕನ್ಯಾಗ ಮಾತ್ರ ಕಟ್ಟಬ್ಯಾಡ್ರಿ ಸರ್, ಮಧ್ಯಾಹ್ನ ಟೈಲ್ಸ್ ಕಾದು ಹಂಚಾಗ್ತಾವ, ನಾಲ್ಕನೇ ಮಾಳಗಿ ಬ್ಯಾರೆ, ಬೆಲ್ಟ್ ಗ್ರಿಲ್ಲಿಗೆ ಸಿಕ್ಕೊಂಡ್ರ ಯಾರ್ ನೋಡ್ತಾರ. ನಮ್ಮನ್ಯಾಗ ಮುಧೋಳ ನಾಯಿ ಐತಿ, ಮುಂಜಾನೆ ಹೊಲದಾಗ ಬಿಟ್ಟು ಓಡಿಸಿದ್ರ ಸಂಜಿಮಟ ಮಲಗತೈತಿ. ನಿಮ್ಮ ನಾಯಿನೂ ಛಲೋತ್ನಂಗ ಓಡಸ್ರಿ, ವಾಕಿಂಗ್ ಅಂದ್ರ ಅದಕ್ಕೇನ್ ಹತ್ತಂಗಿಲ್ಲ.

ಬಾಲಬಂಧು:
ಎಲ್ಲಾ ಸಲಹೆಗೂ ಮುಂಚೆ ಒಂದ್ ಪ್ರಶ್ನೆ. ನೀವು ಹೋದ ಮೊದಲ ಅರ್ಧ ಗಂಟೆ ಅವ್ಳು ಏನ್ ಮಾಡ್ತಾಳೆ ಅಂತ ಕಣ್ಣಾರೆ ನೋಡಿದೀರಾ? ಬೇಜಾರಿಗೆ ಬೊಗಳೋದು ಬೇರೆ, ಕಿಟಕಿಲಿ ಬೆಕ್ಕು ಡೆಲಿವರಿ ಹುಡುಗ್ರನ್ನ ನೋಡಿ ಬೊಗಳೋದು ಬೇರೆ, ಒಬ್ಳೇ ಆದೆ ಅನ್ನೋ ಭಯಕ್ಕೆ ಬೊಗಳೋದು ಬೇರೆ. ಹೊರಗಿಂದ ಕೇಳೋರಿಗೆ ಮೂರೂ ಒಂದೇ, ಆದ್ರೆ ಒಂದಕ್ಕೆ ಮಾಡೋ ಔಷಧಿ ಇನ್ನೊಂದಕ್ಕೆ ನಾಟಲ್ಲ. ಹಳೇ ಫೋನ್ ಒಂದನ್ನ ಬಾಗ್ಲು ಕಾಣೋ ಹಂಗೆ ಇಟ್ಟು ವಿಡಿಯೋ ಕಾಲ್ ಹಾಕಿ ಹೊರಡಿ, ಕೆಳಗೆ ಪಾರ್ಕಿಂಗಲ್ಲಿ ಕೂತು ನೋಡಿ. ಕರೆಂಟ್ ಹೋದ್ರೆ ವೈಫೈ ಹೋಗುತ್ತೆ, ರೂಟರ್‌ಗೆ ಇನ್ವರ್ಟರ್ ಇಲ್ಲಾಂದ್ರೆ ಸಿಮ್ ಹಾಕಿರೋ ಫೋನೇ ಇಡಿ. ಒಂದು ತಿನ್ನೋ ಸಾಮಾನೂ ಪಕ್ಕದಲ್ಲಿರ್ಲಿ, ಅದನ್ನ ಮುಟ್ತಾಳಾ ಇಲ್ವಾ ಅನ್ನೋದು ಮುಖ್ಯ.

ಜಯನಗರ_4ನೇ_ಬ್ಲಾಕು:
ಸೆಕ್ರೆಟರಿ ವಿಷ್ಯ ನಾನ್ ಹೇಳ್ತೀನಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ, ನಿವಾಸಿಗಳ ಸಂಘ ಸಾಕುನಾಯಿ ಬ್ಯಾನ್ ಮಾಡೋ ಹಂಗಿಲ್ಲ, ಬೊಗಳುತ್ತೆ ಅನ್ನೋದೂ ಅದಕ್ಕೆ ಕಾರಣ ಆಗಲ್ಲ, ಮನಸ್ಸಿಗೆ ಬಂದಂಗೆ ಫೈನ್ ಹಾಕೋದಕ್ಕೂ ಬರಲ್ಲ. ಪಾಲಿಕೆ ಲೈಸೆನ್ಸು, ರೇಬಿಸ್ ಲಸಿಕೆ ಕಾರ್ಡು ಎರಡೂ ರೆಡಿ ಇಟ್ಕೊಳಿ. ಹಂಗಂತ ಪಕ್ಕದ್ಮನೇಲಿ ನೈಟ್ ಶಿಫ್ಟ್ ಮುಗ್ಸಿ ಮಲ್ಗೋರು ಇದ್ರೆ ಅವ್ರ ಗತಿನೂ ಯೋಚ್ನೆ ಮಾಡಿ, ಸರ್ಕ್ಯುಲರ್ ತೋರ್ಸಿದ್ರೆ ಅವ್ರಿಗೆ ನಿದ್ದೆ ಬರಲ್ಲ. ಹೋಗಿ ಮುಖ ಕೊಟ್ಟು ಮಾತಾಡಿ, ಟ್ರೈನಿಂಗ್ ಶುರು ಮಾಡಿದೀನಿ ಸ್ವಲ್ಪ ಟೈಮ್ ಕೊಡಿ ಅನ್ನಿ.

ಹೂಡಿ_ಹುಡ್ಗ:
ಕ್ಯಾಮೆರಾ ಇಟ್ಟೆ. ನಾನು ಲಿಫ್ಟ್ ಹತ್ತೋಕ್ ಮುಂಚೆನೇ ಕುಂಯ್‌ಗುಡೋಕೆ ಶುರು, ಆಮೇಲೆ ಬಾಗ್ಲಿಂದ ಸೋಫಾಕ್ಕೆ ಸೋಫಾದಿಂದ ಬಾಗ್ಲಿಗೆ, ಫ್ಯಾನ್ ಕೆಳಗಿದ್ರೂ ನಾಲ್ಗೆ ಹೊರಗೆ ಹಾಕಿ ಏದುಸಿರು, ಆಮೇಲೆ ಕೆರೆಯೋದು ಬೊಗಳೋದು. ಬೇಯ್ಸಿದ ಚಿಕನ್ ಇಟ್ಟಿದ್ದೆ, ಅವ್ಳ ಪ್ರಾಣ ಅದು, ಮೂಸಿ ಕೂಡ ನೋಡ್ಲಿಲ್ಲ. ಹನ್ನೊಂದು ಗಂಟೆಗೆ ಕೆಲ್ಸದ ಅಕ್ಕ ಒಳಗೆ ಬಂದ ತಕ್ಷಣ ಬಾಲ ಅಲ್ಲಾಡಿಸ್ಕೊಂಡು ಹೋಗಿ ಪ್ಲೇಟ್ ಖಾಲಿ!

ಬಾಲಬಂಧು:
ಸಿಕ್ತು ನೋಡಿ. ಹಸಿವಿದ್ರೂ ಇಷ್ಟದ್ದನ್ನ ಮುಟ್ಟಲ್ಲ, ಮನುಷ್ಯರು ಯಾರೋ ಒಬ್ರು ಬಂದ್ರೆ ತಿಂತಾಳೆ, ಅಂದ್ರೆ ಇದು ತುಂಟತನ ಅಲ್ಲ ಸಿಟ್ಟೂ ಅಲ್ಲ, ಗಾಬರಿ. ಕೃಷ್ಣಾತೀರ ಅವ್ರು ಹೇಳಿದ ಓಟ ಬೇಜಾರಿನ ನಾಯಿಗೆ ಸರಿಹೋಗುತ್ತೆ, ಗಾಬರಿ ನಾಯಿ ಸುಸ್ತಾದ್ರೂ ಗಾಬರಿನೇ ಬೀಳುತ್ತೆ. ಆದ್ರೆ ನಿಮ್ಮ ಕೇಸಲ್ಲಿ ಒಂದು ಒಳ್ಳೇದಿದೆ, ಅವ್ಳಿಗೆ ನೀವೇ ಬೇಕು ಅಂತಿಲ್ಲ, ಅಕ್ಕ ಇದ್ರೂ ಸಾಕು. ಇದು ತುಂಬಾ ಸುಲಭ ಮಾಡುತ್ತೆ.

ಮೊದ್ಲು ವೆಟ್ (ಪ್ರಾಣಿ ಡಾಕ್ಟ್ರು) ಹತ್ರ ಹೋಗಿ. ಮನೇಲಿ ಉಚ್ಚೆ ಮಾಡ್ತಿರೋದು ಮೂತ್ರದ ಇನ್ಫೆಕ್ಷನ್‌ನಿಂದನೂ ಇರ್ಬಹುದು, ಟೆಸ್ಟ್ ಮಾಡ್ಸಿಬಿಡಿ. ಕ್ಯಾಮೆರಾ ವಿಡಿಯೋ ಅವ್ರಿಗೆ ತೋರ್ಸಿ, ಬಾಯಲ್ಲಿ ಹೇಳೋದಕ್ಕಿಂತ ಅದು ಮೇಲು. ಗಾಬರಿ ಜಾಸ್ತಿ ಇದ್ರೆ ಫ್ಲೂಯೊಕ್ಸೆಟಿನ್, ಕ್ಲೋಮಿಪ್ರಮಿನ್ ಥರದ ಮಾತ್ರೆ ಬರೀತಾರೆ, ಅದು ಇವತ್ತು ನುಂಗಿಸಿ ನಾಳೆ ಕೆಲ್ಸ ಮಾಡೋದಲ್ಲ, ನಾಲ್ಕಾರು ವಾರ ಹಿಡಿಯುತ್ತೆ, ಟ್ರೈನಿಂಗ್ ಜೊತೆಗೇ ಕೊಡ್ಬೇಕು. ಮೆಡಿಕಲ್ ಶಾಪಲ್ಲಿ ಕೇಳಿ ನಿದ್ದೆ ಮಾತ್ರೆ ತಂದು ಹಾಕೋ ಕೆಲ್ಸ ಮಾತ್ರ ದಯವಿಟ್ಟು ಬೇಡ.

ಟ್ರೈನಿಂಗ್ ಅಂದ್ರೆ ಇಷ್ಟೇ, ಅವ್ಳು ಹೆದ್ರೋ ಮುಂಚೆ ವಾಪಸ್ ಬರೋದು. ಬಾಗ್ಲು ಹಿಡಿ ಮುಟ್ಟಿ ಬಂದು ಕೂತ್ಕೊಳಿ. ಅದಕ್ಕೆ ಅವ್ಳು ತಲೆನೇ ಕೆಡಿಸ್ಕೊಳ್ಳಲ್ಲ ಅಂದ್ಮೇಲೆ ಬಾಗ್ಲು ತೆಗೆದು ಮತ್ತೆ ಮುಚ್ಚಿ, ಆಮೇಲೆ ಹೊರಗೆ ಹೋಗಿ ಐದು ಸೆಕೆಂಡು, ಹತ್ತು ಸೆಕೆಂಡು, ಒಂದೊಂದ್ ಸಲ ಮಧ್ಯದಲ್ಲಿ ಕಮ್ಮಿನೂ ಮಾಡಿ, ಬರೀ ಏರಿಸ್ತಾ ಹೋದ್ರೆ ನಾಯಿಗೆ ಅದೂ ಗೊತ್ತಾಗುತ್ತೆ. ಏದುಸಿರು, ಆಕಳಿಕೆ, ತುಟಿ ನೆಕ್ಕೋದು, ಕಿವಿ ಹಿಂದಕ್ಕೆ ಹೋಗೋದು, ಇದ್ರಲ್ಲಿ ಯಾವ್ದು ಕಂಡ್ರೂ ಜಾಸ್ತಿ ಆಯ್ತು ಅಂತ ಅರ್ಥ. ಬೋರಿಂಗ್ ಕೆಲ್ಸ, ತಿಂಗಳುಗಟ್ಲೆ ಆಗ್ಬಹುದು, ಸುಳ್ಳು ಹೇಳಲ್ಲ. ಬೀಗದ ಕೈ, ಶೂ, ಲ್ಯಾಪ್‌ಟಾಪ್ ಬ್ಯಾಗು ಇವನ್ನೆಲ್ಲ ಸುಮ್‌ಸುಮ್ನೆ ಎತ್ಕೊಂಡು ಟಿವಿ ಮುಂದೆ ಕೂತ್ಕೊಳಿ, ಬ್ಯಾಗ್ ಎತ್ತಿದ್ರೆ ಹೋಗ್ತಾನೆ ಅನ್ನೋ ಲೆಕ್ಕ ತಪ್ಪಬೇಕು. ಬೈಯೋದು, ಹೊಸದಾಗಿ ಪಂಜರ ತಂದು ಕೂಡಿ ಹಾಕೋದು ಎರಡೂ ಬೇಡ, ಬಾಗ್ಲನ್ನೇ ಹಂಗೆ ಮಾಡಿದವ್ಳು ಕಂಬಿಗೆ ಹಲ್ಲು ಮುರ್ಕೋತಾಳೆ.

ಎಲ್ರೂ ಎಡವೋದು ಎಲ್ಲಿ ಅಂದ್ರೆ ಇಲ್ಲಿ: ಈ ಟ್ರೈನಿಂಗ್ ನಡೀವಾಗ ಪೂರ್ತಿ ದಿನ ಒಬ್ಳನ್ನೇ ಬಿಟ್ರೆ ಸಂಜೆ ಕಟ್ಟಿದ್ದೆಲ್ಲ ಬೆಳಿಗ್ಗೆ ಬಿದ್ದೋಗುತ್ತೆ. ಆಫೀಸ್ ದಿನ ಯಾರಾದ್ರೂ ಇರ್ಬೇಕು. ಅಕ್ಕ, ಡೇ ಕೇರ್, ಊರಿಂದ ಅಮ್ಮ, ಕಾಲೇಜಿಗೆ ಮಧ್ಯಾಹ್ನ ಹೋಗೋ ಪಕ್ಕದ್ಮನೆ ಹುಡ್ಗ, ಯಾರಾದ್ರೂ ಸರಿ. ಅಲ್ದೇ ದೊಡ್ಡ ನಾಯಿನೇ ಆಗ್ಲಿ ಎಂಟೂವರೆಯಿಂದ ಏಳರ ತನಕ ಉಚ್ಚೆ ಕಟ್ಕೊಂಡು ಕೂರು ಅನ್ನೋದು ಅನ್ಯಾಯ, ಗಾಬರಿ ವಾಸಿ ಆದ್ಮೇಲೂ ಮಧ್ಯಾಹ್ನ ಒಂದು ರೌಂಡ್ ಯಾರಾದ್ರೂ ಕರ್ಕೊಂಡ್ ಹೋಗ್ಲೇಬೇಕು.

ಮೈಸೂರ್_ಪಾಕು:
ಇನ್ನೊಂದು ನಾಯಿ ತಂದ್ರೆ ಕಂಪನಿ ಆಗುತ್ತಲ್ವಾ?

ಬಾಲಬಂಧು:
ಅವ್ಳಿಗೆ ಬೇಕಿರೋದು ಮನುಷ್ಯರು. ಇನ್ನೊಂದು ತಂದ್ರೆ ಬಹುಪಾಲು ಏನೂ ಬದ್ಲಾಗಲ್ಲ, ಅದೂ ನೋಡಿ ಕಲಿತ್ರೆ ಸೆಕ್ರೆಟರಿಗೆ ಹಬ್ಬ.

ಮೈಸೂರ್_ಪಾಕು:
ಹಹ್ಹ ಸರಿ ಸರಿ. ಆ ರಬ್ಬರ್ ಬೊಂಬೆ ಒಳಗೆ ಪೀನಟ್ ಬಟರ್ ತುಂಬಿ ಫ್ರೀಜ್ ಮಾಡಿ ಕೊಡೋದು ಹೆಂಗೆ?

ಬಾಲಬಂಧು:
ನೀವು ಮನೇಲಿರೋವಾಗ ಕೊಡಿ, ಒಳ್ಳೇದೇ. ಡಬ್ಬಿ ಹಿಂದೆ ಮಾತ್ರ ಓದಿ, ಶುಗರ್ ಫ್ರೀ ಅಂತಿದ್ರೆ ಸಕ್ಕರೆ ಬದ್ಲು ಹಾಕೋ ಕ್ಸೈಲಿಟಾಲ್ ಇರ್ಬಹುದು, ನಾಯಿಗೆ ಅದು ವಿಷ. ಮೊಸ್ರನ್ನ ತುಂಬಿ ಫ್ರೀಜರ್‌ಗೆ ಹಾಕಿದ್ರೂ ಆಗುತ್ತೆ, ಒಗ್ಗರಣೆ ಈರುಳ್ಳಿ ದ್ರಾಕ್ಷಿ ಯಾವ್ದೂ ಇರ್ಬಾರ್ದು.

ಹೂಡಿ_ಹುಡ್ಗ:
ವೆಟ್ ತೋರ್ಸಿದೆ, ಯೂರಿನ್ ನಾರ್ಮಲ್, ಮಾತ್ರೆ ಶುರು ಮಾಡಿದಾರೆ. ಅಕ್ಕನ ಹತ್ರ ಮಾತಾಡ್ದೆ, ಉಳಿದ ಮನೆಗಳ್ನ ಮಧ್ಯಾಹ್ನಕ್ಕೆ ಹಾಕ್ಕೊಂಡು ಬೆಳಿಗ್ಗೆ ನಮ್ಮನೇಲೇ ಇರ್ತಾರಂತೆ, ಆಮೇಲೆ ಮೇಲಿನ ಫ್ಲೋರ್ ಹುಡ್ಗ. ಡೇ ಕೇರ್ ರೇಟಿಗಿಂತ ಇದೇ ವಾಸಿ. ಒಂದು ಡೌಟು, ಬಾಗ್ಲು ಹಾಕಿ ಹೊರಗೆ ನಿಂತ್ರೆ ಈಗ ಸುಮ್ನಿರ್ತಾಳೆ, ಆದ್ರೆ ಲಿಫ್ಟ್ ಟಿಂಗ್ ಅಂದ ತಕ್ಷಣ ಎದ್ದು ಶುರು ಹಚ್ಕೋತಾಳೆ. ಮೆಟ್ಲು ಇಳಿದು ಹೋದ್ರೆ ಆಗುತ್ತಾ?

ಬಾಲಬಂಧು:
ಸದ್ಯಕ್ಕೆ ಮೆಟ್ಲೇ ಇಳೀರಿ, ಚಪ್ಪಲಿ ಸದ್ದಾಗ್ದೆ. ಅದ್ರ ಜೊತೆಗೆ ಆ ಟಿಂಗ್ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ, ನೀವು ಪಕ್ಕದಲ್ಲೇ ಇರೋವಾಗ ಕೇಳಿಯೂ ಕೇಳದ ಹಂಗೆ ಸಣ್ಣಗೆ ಹಾಕಿ ಒಂದು ಚಿಕನ್ ತುಂಡು ಕೊಡಿ. ಸದ್ದು ಮೊದ್ಲು, ಚಿಕನ್ ಆಮೇಲೆ, ಉಲ್ಟಾ ಆಗ್ಬಾರ್ದು. ಟಿಂಗ್ ಅಂದ್ರೆ ನಿಮ್ಮ ಕೈ ನೋಡೋಕೆ ಶುರು ಮಾಡಿದ್ಮೇಲೆ ವಾಲ್ಯೂಮ್ ಏರ್ಸಿ. ಅದಾದ್ಮೇಲೆ ಲಿಫ್ಟ್ ಕರೆದು ಹತ್ತದೇ ಒಳಗೆ ಬನ್ನಿ, ಪಕ್ಕದ್ಮನೆಯವ್ರು ನೋಡಿ ಏನಂದ್ಕೊಂಡ್ರೂ ಪರ್ವಾಗಿಲ್ಲ.